ಅರುಂಧತಿಯ ಹತ್ತಿರ ಹಾದುಹೋದ ಉಪಗ್ರಹ

ಮುಂಬಯಿಯ ಆಕಾಶದಲ್ಲಿ ನಕ್ಷತ್ರಗಳೇ ಇರಲಿಲ್ಲ ಅಂದರೂ ನಡೆದೀತು. ಗಿರಣಿಗಳ ಹೊಗೆ, ಬೀದಿದೀಪಗಳ ಬೆಳಕು. ಹತ್ತು ಚುಕ್ಕೆ ಕಂಡರೆ ಹೆಚ್ಚು. ಆದರೆ ಸಂಜೆ ಆಫೀಸಿನಿಂದ ಬಂದು ನಮ್ಮ ಚಾಳಿನ ಮಾಳಿಗೆಯ ಮೇಲೆ ಅಂಗಾತ ಮಲಗಿದರೆ ಉಪಗ್ರಹಗಳು ಕಾಣುತ್ತಿದ್ದವು. ಮಿಣುಕದೆ, ಸದ್ದಿಲ್ಲದೆ, ಒಂದೇ ಗತಿಯಲ್ಲಿ ನಡೆದುಹೋಗುವ ಚುಕ್ಕೆ. ಎಷ್ಟು ಗಂಟೆಗೆ ಬಂತು, ಯಾವ ದಿಕ್ಕಿಗೆ ಹೋಯಿತು ಎಂದು ಬರೆದಿಡುತ್ತಿದ್ದೆ. ಎರಡು ವರ್ಷ ಹೀಗೆ ಮಾಡಿ, ಆಕಾಶವೆಲ್ಲ ನನಗೆ ಗೊತ್ತು ಅಂದುಕೊಂಡುಬಿಟ್ಟೆ. ಮೂರ್ಖನಿಗೇನು ಕೊಂಬು ಇರುತ್ತದೆಯೇ!

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಹಾನಗಲ್ಲಿನ ನಮ್ಮ ಮನೆಯಲ್ಲಿ ತಂಗಿಯ ಮದುವೆ. ಗೋಧೂಳಿ ಮುಹೂರ್ತ. ಮಾಡಿಸಿದವರು ರಟ್ಟೀಹಳ್ಳಿಯಲ್ಲಿದ್ದ ನಮ್ಮ ಕಾಕಾ, ಅಪ್ಪನ ತಮ್ಮ. ಹಿರೇಕೆರೂರಿನವರೆಗೂ ನಮ್ಮ ಮಂದಿಯ ಮದುವೆಗಳಿಗೆಲ್ಲ ಅವರೇ ಬೇಕು. ಆ ಪೌರೋಹಿತ್ಯವೇ ಅವರ ಅನ್ನ, ಅವರ ಮರ್ಯಾದೆ.

ಸಪ್ತಪದಿ ಮುಗಿದು ಕತ್ತಲಾಯಿತು. ಇನ್ನು ಮದುಮಕ್ಕಳಿಗೆ ಅರುಂಧತಿ ತೋರಿಸಬೇಕು. ಹಗಲಿನ ಮದುವೆಗಳಲ್ಲಿ ಖಾಲಿ ಆಕಾಶಕ್ಕೆ ಕೈ ಮಾಡಿದರೂ ಎಲ್ಲರೂ ‘ಕಂಡಿತು’ ಅನ್ನುತ್ತಾರೆ. ಅಂದು ನಿಜವಾಗಿಯೂ ಚುಕ್ಕೆಗಳಿದ್ದವು. ಹಿತ್ತಿಲಲ್ಲಿ ನಿಂತು ಕಾಕಾ ಉತ್ತರಕ್ಕೆ ಬೆರಳೆತ್ತಿದರು.

“ಏಳು ಮಂದಿ ಋಷಿಗಳು ಕಾಣತಾರಲ್ಲವಾ? ಬಾಲದ ತುದಿಯಿಂದ ಎರಡನೇದು ವಸಿಷ್ಠ. ಅವರ ಮಗ್ಗಲಿಗೆ ಸಣ್ಣಕ ಅದ ನೋಡು, ಆಕೀನ ಅರುಂಧತಿ. ಎಂದೂ ಅವರನ್ನ ಬಿಟ್ಟು ಹೋಗಂಗಿಲ್ಲ.”

ಅಷ್ಟರಲ್ಲಿ ಆ ಬೆರಳಿನ ನೇರದಲ್ಲೇ ಒಂದು ಚುಕ್ಕೆ ಸರಿಯತೊಡಗಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ! “ಕಾಕಾ, ನಿಮ್ಮ ಅರುಂಧತಿ ಓಡಿ ಹೊಂಟಾಳ ನೋಡ್ರಿ! ಅದು ಉಪಗ್ರಹ ರೀ!” ಅಂದೆ. ಸವಣೂರಿನ ಬೀಗರು ಘೊಳ್ಳೆಂದು ನಕ್ಕರು. ನನಗೆ ಖುಷಿಯೋ ಖುಷಿ.

ಕಾಕಾ ಗಾಬರಿಯಾಗಿ, “ಓಡತದ? ಎಲ್ಲೆದ? ಎಲ್ಲೆದಪಾ?” ಎಂದು ಮುಖ ಎತ್ತಿ ಆ ಕಡೆ ಈ ಕಡೆ ಹುಡುಕಿದರು. ಚುಕ್ಕೆ ಇನ್ನೂ ಎಲ್ಲರ ಕಣ್ಣಿಗೂ ನಿಚ್ಚಳವಾಗಿ ಕಾಣುತ್ತಿತ್ತು. ಅವರು ನೋಡಿದ್ದು ಹುಣಸೆಮರದ ಕಡೆಗೆ.

“ಅಯ್ಯ, ಭಟ್ಟರಿಗೆ ಕಣ್ಣ ಕಾಣಸಂಗಿಲ್ಲಲ್ರೀ!” ಅಂದರು ಬೀಗರಲ್ಲಿ ಹಿರಿಯರೊಬ್ಬರು. ನಗು ನಿಂತಿತು. ಕಾಕಾನ ಕಣ್ಣಿಗೆ ಪೊರೆ ಬಂದದ್ದು ನಮ್ಮ ಮನೆಯವರಿಗೆಲ್ಲ ಗೊತ್ತಿತ್ತಂತೆ. ಮಂತ್ರ ಬಾಯಲ್ಲೇ ಇದೆ, ನಡೆದಷ್ಟು ದಿನ ನಡೆಯಲಿ ಎಂದು ಸುಮ್ಮನಿದ್ದರಂತೆ. ಮುಂಬಯಿಯಲ್ಲಿ ಚುಕ್ಕೆ ನೋಡುತ್ತ ಮಲಗಿದವನಿಗೆ ಮನೆಯ ಸುದ್ದಿ ಹೇಗೆ ಗೊತ್ತಾಗಬೇಕು?

ತಂಗಿ ಅಳುಮುಖ ಮಾಡಿ, “ಹಂಗಾದ್ರ ಅರುಂಧತಿ ಯಾವುದೋ ಅಣ್ಣಾ? ನೀನರ ತೋರಸು” ಅಂದಳು. ತಲೆ ಎತ್ತಿದೆ. ಹಾನಗಲ್ಲಿನ ಆಕಾಶದ ತುಂಬ ಚುಕ್ಕೆಗಳು. ಒಂದರ ಗುರುತೂ ನನಗಿಲ್ಲ. ಎಲ್ಲೋ ಒಂದು ಕಡೆ ಕೈ ಮಾಡಿ “ಅಗೋ” ಅಂದೆ.

“ನಿನ್ನ ಶಾಣ್ಯಾತನ ಸಾಕು, ಒಳಗ ನಡಿ” ಅಂದಳು ಅವ್ವ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುದ್ದಿ ಊರೂರಿಗೆ ಹಬ್ಬಿತು. ನಮ್ಮ ಮಂದಿಯೇ ಶಿಗ್ಗಾವಿಯ ಬೇರೆ ಭಟ್ಟರನ್ನು ಕರೆಸತೊಡಗಿದರು. ವರ್ಷ ತುಂಬುವುದರೊಳಗೆ ಕಾಕಾನನ್ನು ಕರೆಯುವವರೇ ಇಲ್ಲವಾದರು.

ಆಮೇಲೆ ಮುಂಬಯಿಯ ಫುಟ್‌ಪಾತಿನಲ್ಲಿ ಒಂದು ನಕ್ಷತ್ರಪಟ ಸಿಕ್ಕಿತು. ಬಿಚ್ಚಿ ನೋಡಿದರೆ ಏಳು ಋಷಿಗಳು, ಬಾಲದಿಂದ ಎರಡನೆಯವ ವಸಿಷ್ಠ, ಪಕ್ಕದಲ್ಲಿ ಸಣ್ಣ ಅರುಂಧತಿ. ಕಾಕಾ ಹೇಳಿದ್ದು ಒಂದಕ್ಷರ ತಪ್ಪಿರಲಿಲ್ಲ. ಬೇಸಿಗೆಯ ಸಂಜೆ ಆ ಋಷಿಗಳಿರುವುದು ಉತ್ತರದಲ್ಲೇ; ಕಣ್ಣಿಲ್ಲದೆ, ರೂಢಿಯ ಮೇಲೆ ಎತ್ತಿದ ಕಾಕಾನ ಬೆರಳೂ ತಪ್ಪಿರಲಿಲ್ಲ. ಉಪಗ್ರಹ ಆ ಹೊತ್ತಿಗೆ ಅಲ್ಲಿ ಹಾದುಹೋಗಿತ್ತು, ಅಷ್ಟೇ.

ರಜೆ ಹಾಕಿ ರಟ್ಟೀಹಳ್ಳಿಗೆ ಹೋದೆ. ಮಧ್ಯಾಹ್ನ ಕಾಕಾ ಒಬ್ಬರೇ ಪಡಸಾಲೆಯಲ್ಲಿ ಕೂತಿದ್ದರು. ಕಾಲಿಗೆ ಬಿದ್ದು, “ತಪ್ಪಾತು ಕಾಕಾ. ನೀವು ತೋರಿಸಿದ್ದು ಖರೇನ ಇತ್ತು” ಅಂದೆ.

“ನನಗ ಗೊತ್ತಿತ್ತಪಾ” ಅಂದರು. ಆಮೇಲೆ ಕೇಳಿದರು: “ಅವತ್ತ ಮಂದೀ ಮುಂದ ಹೇಳಿದಿ. ಇವತ್ತ ಯಾರೂ ಇಲ್ಲದಾಗ ಹೇಳ್ಲಿಕ್ಕೆ ಬಂದೀಯೇನು?”

ಎಲ್ಲರಿಗೂ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಸವಣೂರಿನ ಬೀಗರ ಮನೆಗೆ ಆಮೇಲೆ ಎಷ್ಟೋ ಸಲ ಹೋದೆ, ಉಂಡೆ, ನಕ್ಕೆ. ಹೇಳಿದರೆ ಅವರ ಮುಂದೆ ಸಣ್ಣವನಾಗುತ್ತೇನಲ್ಲ ಎಂದು ಒಮ್ಮೆಯೂ ಬಾಯಿ ಬಿಡಲಿಲ್ಲ.