ಸೂಜಿ ಹಿಡಿದಾಗ ಬಂದ ವಾಸನೆ

ಶಕುನ, ಸೂಚನೆ, ಒಳದನಿ ಎಂದು ಯಾರಾದರೂ ಶುರು ಮಾಡಿದರೆ ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ. ನಾನು ಸಿಂಧನೂರಿನಲ್ಲಿ ಸ್ಕ್ಯಾನಿಂಗ್ ಡಾಕ್ಟರು. ಪರದೆಯ ಮೇಲೆ ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬಿಡುವುದು ನನ್ನ ಕೆಲಸ. ಈ ಸಂಗತಿಯನ್ನು ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಮೊದಲೇ ಒಂದು ವಿಷಯ ತಿಳಿಸಿಬಿಡುತ್ತೇನೆ. ಕೊರೊನಾ ಬಂದು ಹೋದಾಗಿನಿಂದ ನನ್ನ ಮೂಗು ಕೆಲಸ ನಿಲ್ಲಿಸಿದೆ. ಮಲ್ಲಿಗೆ, ಫಿನಾಯಿಲ್, ಒಗ್ಗರಣೆ ಎಲ್ಲವೂ ನನಗೆ ಒಂದೇ. ಹಳಸಿದ ಸಾರನ್ನು ಎರಡನೆಯ ಸಲ ಹಾಕಿಸಿಕೊಂಡು ಉಂಡದ್ದನ್ನು ಹೆಂಡತಿ ಇವತ್ತಿಗೂ ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ನನಗೆ ಕೊರೊನಾ ಆಗಿ ಎರಡು ವರ್ಷಕ್ಕೆ ಇರಬೇಕು, ಸಂತೆಕಲ್ಲೂರಿನಿಂದ ಹುಸೇನಬಿ ಎಂಬ ಹೆಂಗಸು ಬಂದಳು. ಜೊತೆಗೆ ಗಂಡ ಖಾಜಾಸಾಬ್, ಕುರಿ ವ್ಯಾಪಾರಿ. ಆಕೆಗೆ ಎದೆಗೂಡಿನ ಕೆಳಗೆ ಗಂಟು, ಊಟ ಸೇರುತ್ತಿರಲಿಲ್ಲ. ಸ್ಕ್ಯಾನಿನಲ್ಲಿ ಮೇದೋಜ್ಜೀರಕ ಗ್ರಂಥಿಯ ಬಾಲದಲ್ಲಿ ದೊಡ್ಡ ಮೋಸಂಬಿಯಷ್ಟು ನೀರಿನ ಚೀಲ ಕಂಡಿತು. ಆ ಗ್ರಂಥಿ ಬಾತಾಗ ಇಂಥ ಚೀಲ ಆಗುವುದುಂಟು. ಆಕೆಯನ್ನು ಲಿಂಗಸುಗೂರಿನಿಂದ ಕಳಿಸಿದ್ದ ಸರ್ಜನ್ನರಿಗೂ ಅದೇ ಅನುಮಾನ. ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ಪರೀಕ್ಷೆ ಮಾಡಿಸಿ ಎಂದು ಬರೆದಿದ್ದರು.

ನಾಯಿಯ ಹೊಟ್ಟೆಯ ಹುಳದಿಂದಲೂ ಇಂಥ ಚೀಲ ಆಗುತ್ತದೆ. ಅದರ ಮೊಟ್ಟೆ ಹೇಗೋ ನಮ್ಮ ಹೊಟ್ಟೆ ಸೇರಿದರೆ ಸಾಮಾನ್ಯವಾಗಿ ಯಕೃತ್ತಿನಲ್ಲಿ ಬೆಳೆಯುತ್ತದೆ. ಮೇದೋಜ್ಜೀರಕದಲ್ಲಿ ಬಹಳ ಅಪರೂಪ. ತಿಳಿಯದೆ ಅದಕ್ಕೆ ಚುಚ್ಚಿದರೆ ಒಳಗಿನ ನೀರು ಸೋರಿ, ಅದು ಮೈಗೆ ಒಗ್ಗದೆ ರೋಗಿ ಟೇಬಲ್ ಮೇಲೆಯೇ ಸಾಯಬಹುದು. ಹಾಗಾಗಿ ಮನೆಯಲ್ಲಿ ನಾಯಿ ಇದೆಯೇ ಎಂದು ರೂಢಿಯಂತೆ ಕೇಳಿದೆ.

“ಇಲ್ರೀ, ನಮ್ಮ ಮನ್ಯಾಗ ನಾಯಿ ಬಿಡಂಗಿಲ್ಲ,” ಎಂದ ಖಾಜಾಸಾಬ್. “ಲಗೂನ ನೀರು ತಗೀರಿ ಸಾಹೇಬ್ರ, ಮಕ್ಳು ಹಾದಿ ನೋಡಾಕತ್ತಾವ.”

ಅವನನ್ನು ಹೊರಗೆ ಕೂರಿಸಿ, ಚುಚ್ಚುವ ಜಾಗವನ್ನು ಮರಗಟ್ಟಿಸಿ, ಸೂಜಿ ಎತ್ತಿಕೊಂಡೆ. ಆಗ ವಾಸನೆ ಬಂತು. ಒದ್ದೆ ನಾಯಿಯ ವಾಸನೆ. ನೆನೆದ ನಾಯಿ ಕಾಲ ಹತ್ತಿರ ನಿಂತು ಮೈ ಕೊಡವಿದ ಹಾಗೆ ಮೂಗಿಗೆ ಬಡಿಯಿತು. ಬಗ್ಗಿ ಟೇಬಲ್ಲಿನ ಕೆಳಗೆ ನೋಡಿದೆ, ಏನೂ ಇರಲಿಲ್ಲ. ಮಟಮಟ ಮಧ್ಯಾಹ್ನ, ಬೇಸಿಗೆ, ಬಾಗಿಲು ಹಾಕಿತ್ತು.

“ನಾಯಿ ವಾಸನಿ ಬರಾಕತ್ತೈತೇನು?” ಎಂದು ನರ್ಸ್ ಶಾಂತಮ್ಮನನ್ನು ಕೇಳಿದೆ.

“ಸ್ಪಿರಿಟ್ ವಾಸನಿ ಬಿಟ್ರ ಏನಿಲ್ರೀ,” ಎಂದು ಅವಳು ನಕ್ಕಳು. “ಅಲ್ಲ, ನಿಮಗ ವಾಸನಿ ಎಲ್ಲಿಂದ ಬರಬೇಕು?”

ನನಗೆ ನಿಜವಾಗಿ ಹೆದರಿಕೆಯಾಯಿತು. ಸೂಜಿ ಕೆಳಗಿಟ್ಟು, ಈ ಸಲ ಹುಸೇನಬಿಯನ್ನೇ ಕೇಳಿದೆ, “ನಿಮ್ಮಲ್ಲೆ ಎಂದೂ ನಾಯಿ ಇರಲೇ ಇಲ್ಲೇನಮ್ಮಾ?”

“ಮನ್ಯಾಗ ಇಲ್ರೀ. ಕುರಿ ಹಟ್ಟ್ಯಾಗ ಒಂದಿತ್ತು, ನಾನ ರೊಟ್ಟಿ ಹಾಕಿ ಬೆಳೆಸಿದ್ದೆ,” ಎಂದಳು. “ಹ್ವಾದ ವರ್ಷ ಕುರಿ ಮೇಸಾಕ ಈ ಕಡೆ ಬಂದಾಗ ಕಾಲುವ್ಯಾಗ ಬಿದ್ದು ಸತ್ತೋತ್ರಿ.”

ಒದ್ದೆ ಎಂಬ ಮಾತನ್ನು ನಾನು ಬಾಯಿ ಬಿಟ್ಟು ಆಡಿರಲಿಲ್ಲ.

ಆಕೆಯನ್ನು ಮಗ್ಗುಲಾಗಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಚೀಲದೊಳಗೆ ನುಣ್ಣನೆಯ ಮರಳಿನಂಥ ಕಣಗಳು ಎದ್ದು ನಿಧಾನವಾಗಿ ಕೆಳಗಿಳಿದವು. ಹುಳದ ಚೀಲದ ಗುರುತು ಅದು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಕೆಲವು ವಾರ ಹುಳದ ಮಾತ್ರೆ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಸುತ್ತಲೂ ಹುಳ ಸಾಯಿಸುವ ಉಪ್ಪುನೀರಿನ ಬಟ್ಟೆ ಇಟ್ಟು, ಒಂದು ಹನಿಯೂ ಸೋರದಂತೆ ಚೀಲವನ್ನು ಗ್ರಂಥಿಯ ಬಾಲದ ಸಮೇತ ತೆಗೆದರು.

ಮೂಗು ಕೆಟ್ಟವರಿಗೆ ಇಲ್ಲದ ವಾಸನೆ ಬರುವುದು ವೈದ್ಯರಿಗೆ ಹೊಸದಲ್ಲ. ಹಾಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆ ವಾಸನೆಯೇ ಯಾಕೆ, ಆ ಗಳಿಗೆಯಲ್ಲೇ ಯಾಕೆ? ಅದಕ್ಕೆ ಮೊದಲೂ ನನಗೆ ಅಂಥದ್ದು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಮತ್ತೆ ತೋರಿಸಲು ಬಂದಾಗ ಹುಸೇನಬಿ ಮೈ ತುಂಬಿಕೊಂಡಿದ್ದಳು. “ಅವತ್ತು ಎರಡನೇ ಸಲ ಯಾಕ ಕೇಳಿದ್ರಿ ಸಾಹೇಬ್ರ?” ಎಂದಳು. ನಮ್ಮ ರೂಢಿ ಅದು ಎಂದೆ.

ಈಗಲೂ ಸೂಜಿ ಹಿಡಿದಾಗಲೆಲ್ಲ ಒಮ್ಮೆ ನಿಂತು, ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತೇನೆ. ಶಾಂತಮ್ಮ ಕಾಯುತ್ತಾಳೆ. ಏನೂ ಬರುವುದಿಲ್ಲ. ಆಮೇಲೆ ಚುಚ್ಚುತ್ತೇನೆ.