ಹತ್ತೋ ಹದಿನೈದೋ

ನಾನು ಮೊದಲಿನಿಂದಲೂ ಪುಕ್ಕಲ. ಕೊಪ್ಪಳದ ಸಾಬೂನು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಾಗ ನನಗೆ ಇಪ್ಪತ್ತಾರು ವರ್ಷ. ಮದುವೆಯಾಗಿತ್ತು, ಮೀಸೆಯೂ ಇತ್ತು, ಆದರೂ ಕುದಿಯುವ ಕಡಾಯಿಯ ಹತ್ತಿರ ಹೋದರೆ ಕಾಲು ತಾನಾಗಿಯೇ ಹಿಂದೆ ಸರಿಯುತ್ತಿತ್ತು. ಯುದ್ಧದ ಕಾಲ ಅದು. ಹೊರಗಿನ ಸಾಬೂನು ಬರುವುದು ನಿಂತು, ನಮ್ಮ ಮಾಲೀಕರು ದೊಡ್ಡ ಕಡಾಯಿಯೊಂದನ್ನು ಇಲ್ಲಿಯೇ ಮಾಡಿಸಲು ಹೊರಟಿದ್ದರು.

ಅದಕ್ಕಾಗಿ ಧಾರವಾಡದ ಕಡೆಯಿಂದ ಒಬ್ಬ ಇಂಜಿನಿಯರರು ಬಂದರು. ಮೊದಲ ದಿನವೇ ಕಡಾಯಿಯ ಚಿತ್ರ ಬರೆದುಕೊಂಡು ಅವರ ಮುಂದೆ ನಿಂತೆ. ಅವರು ಹಾಳೆಯನ್ನು ಮಗುಚಿ ಖಾಲಿ ಬದಿ ತೋರಿಸಿದರು.

“ಚಿತ್ರಾ ಆಮ್ಯಾಲೆ. ಇದರೊಳಗ ಏನ್ ಹೋಗತೈತಿ, ಎಷ್ಟ್ ಕಾಯಬೇಕು, ಏನ್ ಹೊರಗ ಬರತೈತಿ, ಮೊದಲ ಅಷ್ಟ ಬರೀರಿ. ಯಾವದರ ಕೆಟ್ರ ಏನಾಗತೈತಿ ಅನ್ನೂದನ್ನೂ ಬರೀರಿ.”

ಆ ಕೊನೆಯ ಮಾತು ನನಗೆಂದೇ ಹೇಳಿ ಮಾಡಿಸಿದಂತಿತ್ತು. ಬೇರೆಯವರು ಎರಡು ಸಾಲು ಬರೆಯುವಲ್ಲಿ ನಾನು ಎರಡು ಹಾಳೆ ತುಂಬಿಸಿದೆ. ಇಂಜಿನಿಯರರು ಓದಿ ನಕ್ಕರು, ಆದರೆ ಒಂದು ಸಾಲನ್ನೂ ಹೊಡೆದುಹಾಕಲಿಲ್ಲ.

ಕಡಾಯಿಗೆ ಎರಡು ಗೋಡೆ. ನಡುವಿನ ಸಂದಿಯಲ್ಲಿ ಉಗಿ ಹರಿದು ಎಣ್ಣೆಯನ್ನು ಕಾಯಿಸಬೇಕು. ಉಗಿ ಹೆಚ್ಚಾದರೆ ಗೋಡೆ ಸಿಡಿಯುತ್ತದೆ. ಹಾಗಾಗದಿರಲೆಂದು ಸಂದಿಗೊಂದು ಸಣ್ಣ ಮುಚ್ಚಳ, ಅದನ್ನು ಒತ್ತಿ ಹಿಡಿಯಲು ಕಬ್ಬಿಣದ ಪಟ್ಟಿ, ಪಟ್ಟಿಯ ಮೇಲೆ ಸರಿಯುವ ಒಂದು ಗುಂಡು. ಉಗಿ ಮಿತಿ ಮೀರಿದರೆ ಮುಚ್ಚಳ ತಾನೇ ಎದ್ದು ಅದನ್ನು ಹೊರಗೆ ಬಿಡಬೇಕು. ಗುಂಡನ್ನು ದೂರ ಸರಿಸಿದಷ್ಟೂ ಮುಚ್ಚಳ ಬಿಗಿಯಾಗಿ, ತಡವಾಗಿ ಏಳುತ್ತದೆ. ಲೆಕ್ಕದ ಪ್ರಕಾರ ಗುಂಡು ಹತ್ತು ಇಂಚಿಗೆ ನಿಲ್ಲಬೇಕಿತ್ತು.

ಆಗ ನಮ್ಮ ಸೀಮೆಯಲ್ಲಿ ಸರಕಾರಿ ಭಾಷೆ ಉರ್ದು, ಇಂಜಿನಿಯರರಿಗೆ ಅದು ಬಾರದು. ಕಡಾಯಿ ಜೋಡಿಸುವ ಮಿಸ್ತ್ರಿ ಕಲಿತದ್ದು ಉರ್ದು ಸಾಲೆಯಲ್ಲಿ, ಅದೂ ನಾಲ್ಕು ವರ್ಷ. ಇಬ್ಬರಿಗೂ ಅನುಕೂಲವಾಗಲೆಂದು ನಾನು ಮಾತುಗಳನ್ನು ಉರ್ದುವಿನಲ್ಲೂ ಅಂಕಿಗಳನ್ನು ಇಂಗ್ಲಿಷಿನಲ್ಲೂ ಬರೆದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಗೊತ್ತಾಗದ ಅಂಕಿ ಬಂದಾಗ ಮಿಸ್ತ್ರಿ ಹಾಳೆ ಹಿಡಿದು ಬರುತ್ತಿದ್ದರು, ಕೇಳಿಕೊಂಡು ಹೋಗುತ್ತಿದ್ದರು.

ಮೊದಲ ಸಲ ಉಗಿ ಬಿಡುವ ದಿನ ಇಂಜಿನಿಯರರು ಗಂಗಾವತಿಯ ಅಕ್ಕಿ ಗಿರಣಿಗೆ ಹೋಗಿದ್ದರು. ನನ್ನನ್ನು ಮಾಲೀಕರು ಕುಸುಬಿ ಎಣ್ಣೆಯ ಮಾದರಿ ತರಲು ಯಲಬುರ್ಗಾಕ್ಕೆ ಅಟ್ಟಿದರು. ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಕಡಾಯಿಯ ಪಕ್ಕದಲ್ಲಿ ಕೂಡುವ ಪಾಳಿ ಹೇಗೂ ಮಿಸ್ತ್ರಿಯದೇ. ಜೋಡಿಸಿದವನೇ ಮೊದಲ ದಿನ ಪಕ್ಕದಲ್ಲಿ ಕೂಡುವುದು ಆ ಕಸುಬಿನವರ ರೂಢಿ.

ಐದು ಮೈಲಿ ಹೋಗುವಷ್ಟರಲ್ಲಿ ಇಂಜಿನ್ ಕಾದು ಬಸ್ಸು ನಿಂತಿತು. ಇಳಿದು ಮೈಲುಗಲ್ಲಿಗೆ ಒರಗಿದೆ. ಕಲ್ಲಿನ ಮೇಲ್ಗಡೆ ಇಂಗ್ಲಿಷಿನ ಐದು, ಅದರ ಕೆಳಗೆ ಉರ್ದುವಿನ ಐದು. ಉರ್ದುವಿನದು ಸುಣ್ಣ ಬಳಿದು ಬಳಿದು ಗುಂಡಗಾಗಿ, ಥೇಟ್ ಇಂಗ್ಲಿಷಿನ ಸೊನ್ನೆಯ ಹಾಗೆ ಕಾಣುತ್ತಿತ್ತು. ಉರ್ದುವಿನಲ್ಲಿ ಸೊನ್ನೆ ಎಂದರೆ ಬರೀ ಒಂದು ಚುಕ್ಕೆ. ಒಂದು ಮಾತ್ರ ಎರಡರಲ್ಲೂ ನೆಟ್ಟಗಿನ ಗೆರೆ.

ನಕ್ಷೆಯ ಹಾಳೆ ನೆನಪಾಯಿತು. ನಾನು ಬರೆದ ಹತ್ತನ್ನು ಉರ್ದು ಕಣ್ಣಿನಿಂದ ಓದಿದರೆ ಹದಿನೈದು. ಮಿಸ್ತ್ರಿ ಎರಡು ಕೇಳಿದ್ದರು, ಮೂರು, ನಾಲ್ಕು, ಎಂಟು ಕೇಳಿದ್ದರು. ಹತ್ತನ್ನು ಮಾತ್ರ ಕೇಳಿರಲಿಲ್ಲ. ಗೊತ್ತಿದೆ ಎಂದುಕೊಂಡದ್ದನ್ನು ಯಾರಾದರೂ ಯಾಕೆ ಕೇಳುತ್ತಾರೆ?

ಎಣ್ಣೆಗೆಂದು ತಂದಿದ್ದ ಖಾಲಿ ಡಬ್ಬಿಯನ್ನು ಬಸ್ಸಿನಲ್ಲೇ ಬಿಟ್ಟು ಕಾರ್ಖಾನೆಯತ್ತ ಓಡಿದೆ. ಎರೆ ಹೊಲದ ನಡುವಿನ ಆ ದಾರಿ ಮುಗಿಯಲೊಲ್ಲದು. ಸ್ವಲ್ಪ ನಡೆದೆ, ಮತ್ತೆ ಓಡಿದೆ. ದೂರದಲ್ಲೆಲ್ಲೋ ಸದ್ದಾದರೂ ಕಡಾಯಿಯೇ ಸಿಡಿಯಿತೆಂದು ನಿಂತು ಬಿಡುತ್ತಿದ್ದೆ. ಮಿಸ್ತ್ರಿಯ ಹೆಂಡತಿಗೆ ಏನು ಹೇಳಬೇಕೆಂದು ಯೋಚಿಸುತ್ತಿದ್ದವನು, ಹಾಳೆಯನ್ನು ಯಾರಿಗೂ ಸಿಗದಂತೆ ಹರಿದುಬಿಡಬೇಕೆಂದೂ ಯೋಚಿಸಿದೆ. ಆ ಎರಡನೆಯ ಯೋಚನೆಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಾರ್ಖಾನೆ ನಿಂತೇ ಇತ್ತು. ಮಿಸ್ತ್ರಿ ಕಡಾಯಿಗೆ ಬೆನ್ನು ಮಾಡಿ ಕೂತು ರೊಟ್ಟಿ ತಿನ್ನುತ್ತಿದ್ದರು.

“ಉಗಿ ಬಂದ್ ಮಾಡ್ರಿ!” ಎಂದು ಚೀರಿದೆ.

ಅವರು ಯಾಕೆಂದು ಕೇಳದೆ ಎದ್ದು ನಲ್ಲಿ ತಿರುವಿದರು. ಗುಂಡು ಹದಿನೈದಕ್ಕೆ ನಿಂತಿತ್ತು. ಉದ್ದನೆಯ ಚಿಮಟಿಯಿಂದ ಅದನ್ನು ಹತ್ತಕ್ಕೆ ಎಳೆದೆವು. ಎಳೆದದ್ದೇ ತಡ, ಮುಚ್ಚಳ ಎದ್ದು ಉಗಿ ಭುಸ್ಸೆಂದು ಸೂರಿಗೆ ನುಗ್ಗಿತು. ಅಂದರೆ ಒಳಗೆ ಆಗಲೇ ಮಿತಿ ಮೀರಿತ್ತು.

ಸದ್ದು ಅಡಗಿದ ಮೇಲೆ ಹಾಳೆ ತೋರಿಸಿ ಎಲ್ಲ ಹೇಳಿದೆ. ತಪ್ಪು ನನ್ನದೇ ಎಂದೆ. ಮಿಸ್ತ್ರಿ ಆ ಅಂಕಿಯ ಮೇಲೆ ಬೆರಳಿಟ್ಟು ನೋಡಿದರು.

“ಇರ್ಲಿ ಬಿಡ್ರಿ,” ಎಂದರು. “ನೀವು ಭಾಳ ಅಂಜತೀರಿ ಅಂತ ಎಲ್ಲಾರಿಗೂ ಗೊತ್ತೈತಿ. ಅಂಜವರು ಬರದ ಹಾಳಿ, ಇದರಾಗ ತಪ್ಪಿರಂಗಿಲ್ಲ ಅಂತನ ನಾ ಬೆನ್ನ ಮಾಡಿ ಕುಂತಿದ್ನಿರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿಯೇ ಕುಕ್ಕರಿಸಿ, ಎಲ್ಲರ ಎದುರಿಗೆ ಅತ್ತುಬಿಟ್ಟೆ.