ಕೆರೊಲಿನಾಕ್ಕೆ ಕೊಟ್ಟ ಬೌಲರ್

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಟ್ಲಾಂಟಾ ತಂಡದವನಾಗಿದ್ದ ಬೇಸ್‌ಬಾಲ್ ಆಟಗಾರ ಸಂಜೆ ಟೀವಿ ಹಾಕಿದಾಗ ಕ್ಯಾಲಿಫೋರ್ನಿಯಾದವನಾಗಿದ್ದ. ಅವನನ್ನು ಯಾರೂ ಕೇಳಿರಲಿಲ್ಲವಂತೆ. ಅವನನ್ನು ಕೊಟ್ಟು, ಬದಲಿಗೆ ಇಬ್ಬರು ಹುಡುಗರನ್ನು ತಂದಿದ್ದರು. ಮೇರಿಲ್ಯಾಂಡಿನ ಜರ್ಮನ್‌ಟೌನ್‌ನ ಅಪಾರ್ಟ್‌ಮೆಂಟಿನಲ್ಲಿ ತಟ್ಟೆ ಹಿಡಿದು ಕೂತಿದ್ದ ನಾನು ಊಟ ಅರ್ಧಕ್ಕೇ ಬಿಟ್ಟೆ. ಬಿಟ್ಟೆನೆಂದು ನನ್ನ ನೆನಪು. ನಾನು ಮತ್ತೊಮ್ಮೆ ಸಾರು ಹಾಕಿಸಿಕೊಂಡೆನೆಂದು ಹೆಂಡತಿ ವಸಂತಾಳ ನೆನಪು.

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನು ಪಿಚರ್. ನಮ್ಮ ಬೌಲರ್ ಎನ್ನಿ. ಪಂದ್ಯ ಆರಂಭಿಸುವ ನಾಲ್ಕೈದು ಪಿಚರ್‌ಗಳು ದಿನಕ್ಕೊಬ್ಬರಂತೆ ಸರದಿಯಲ್ಲಿ ಎಸೆಯುತ್ತಾರೆ. ಆ ಸರದಿಗೆ ವಯಸ್ಸಾಯಿತೆನ್ನಿಸಿದರೆ ಹಳಬರನ್ನು ಬೇರೆ ಊರಿಗೆ ಕೊಟ್ಟು, ಇನ್ನೂ ಪಳಗದ ಹುಡುಗರನ್ನು ತರುತ್ತಾರೆ. ಇದಕ್ಕೆ ಟ್ರೇಡ್ ಎಂದು ಹೆಸರು. ನಮ್ಮಲ್ಲಾದರೆ ಹಳೆಯ ಬೌಲರ್‌ಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಭಾಷಣ ಮಾಡಿ ಮನೆಗೆ ಕಳಿಸುತ್ತೇವೆ. ಎರಡರಲ್ಲಿ ಯಾವುದು ಹೆಚ್ಚು ಕ್ರೂರ?

ವಾರವಿಡೀ ರಾಕ್‌ವಿಲ್‌ನ ಲ್ಯಾಬಿನಲ್ಲಿ ಯಾರೂ ನನ್ನ ಹೆಸರನ್ನು ಪೂರ್ತಿ ಹೇಳುತ್ತಿರಲಿಲ್ಲ. ಭಾನುವಾರ, ಶಾಲೆಯೊಂದರ ಮೈದಾನದಲ್ಲಿ ಮ್ಯಾಟ್ ಹಾಸಿ ಕನ್ನಡಿಗರು ಆಡುತ್ತಿದ್ದ ಕ್ರಿಕೆಟ್‌ನಲ್ಲಿ ಮಾತ್ರ ನಾನು ನರಸಿಂಹಮೂರ್ತಿ, ಹೊಸ ಚೆಂಡಿನ ಬೌಲರ್. ನಲವತ್ತು ದಾಟಿತ್ತು. ಆ ಭಾನುವಾರವೂ ಇಲ್ಲದಿದ್ದರೆ ಈ ದೇಶದಲ್ಲಿ ನಾನು ಯಾರು ಎಂಬ ಭಯವಿತ್ತು. ಆದರೂ ಸುಮ್ಮನಿರಲಾಗದೆ, ಒಮ್ಮೆ ಆಟ ಮುಗಿದ ಮೇಲೆ ಟ್ರೇಡ್ ಎಷ್ಟು ಪ್ರಾಮಾಣಿಕ ಪದ್ಧತಿ ಎಂದು ಪಾಠ ಹೇಳಿದೆ. ಕ್ಯಾಪ್ಟನ್ ಸುಧೀರ್, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಶ್ರದ್ಧೆಯಿಂದ ಕೇಳಿದ. ಮುಂದಿನ ವಾರ ಫೋನ್ ಮಾಡಿದ.

"ಸಾರ್, ಲೇಬರ್ ಡೇ ರಜೆಯಲ್ಲಿ ನಮ್ಮೆದುರು ಆಡೋ ಕೆರೊಲಿನಾ ಟೀಮ್ ಹತ್ರ ಮಾತಾಡ್ದೆ. ಅವರ ಇಬ್ರು ಸ್ಟೂಡೆಂಟ್ಸ್ ನಮ್ ಕಡೆ ಬೌಲ್ ಮಾಡ್ತಾರೆ."

"ಒಳ್ಳೇದಾಯ್ತು. ಬದಲಿಗೆ ಯಾರನ್ನ ಕೊಟ್ಟೆ?"

ಆ ಕಡೆಯಿಂದ ಕೆಮ್ಮು. "ವ್ಯಾಲ್ಯೂ ಇರೋವಾಗ್ಲೇ ಕೊಟ್ಬಿಡ್ಬೇಕು ಅಂತ ನೀವೇ ಹೇಳಿದ್ರಲ್ಲ ಸಾರ್..."

ವಸಂತಾ ನಕ್ಕಳು. "ಒಬ್ರಿಗೆ ಇಬ್ರು ಸಿಕ್ಕಿದಾರಲ್ಲ ರೀ! ನಾನೂ ಕೇಳಿ ನೋಡ್ತೀನಿ."

ಪಂದ್ಯ ಕೆರೊಲಿನಾದ ರಾಲಿ ಎಂಬ ಊರಿನಲ್ಲಿ. ಕಾರು ದಕ್ಷಿಣಕ್ಕೆ ಇಳಿದಂತೆ ಮಣ್ಣು ಕೆಂಪಾಯಿತು. ಥೇಟ್ ನಮ್ಮ ಕೋಲಾರ ಎಂದುಕೊಂಡೆ. ಕೋಲಾರದ ಮಣ್ಣು ನಿಜಕ್ಕೂ ಇಷ್ಟು ಕೆಂಪಾಗಿತ್ತೇ ಎಂಬ ಅನುಮಾನವೂ ಬಂತು.

ಅಲ್ಲಿಯ ಕ್ಯಾಪ್ಟನ್ ಪಾಟೀಲ, ಹುಬ್ಬಳ್ಳಿಯ ಡಾಕ್ಟರು, ನನ್ನ ಕೈ ಹಿಡಿದುಕೊಂಡರು. "ಬರ್ರಿ ಸರ! ನಮ್ಮ ಹುಡುಗ್ರಿಗೆ ಜೋರ ಭಾಳ ಐತ್ರಿ, ಚೆಂಡ ಎಲ್ಲಿ ಹಾಕಬೇಕಂತ ಒಬ್ಬಗೂ ಗೊತ್ತಿಲ್ಲ." ಹಾಗೆ ಯಾರಾದರೂ ನಾನು ಬೇಕೆಂದು ಹೇಳಿ ಬಹಳ ಕಾಲವಾಗಿತ್ತು. ವಸಂತಾ ಮಾತ್ರ ಊಟದ ಡಬ್ಬಿಗಳೊಂದಿಗೆ ಮೇರಿಲ್ಯಾಂಡಿನವರ ಟೆಂಟಿಗೇ ಹೋದಳು.

ನನ್ನ ಮೊದಲ ಓವರಿಗೆ ಎದುರು ನಿಂತವನು ಸುಧೀರ್. ಚೆಂಡು ಒಳಕ್ಕೆ ತಿರುಗಿ ಅವನ ಪ್ಯಾಡಿಗೆ ಬಡಿಯಿತು. ಕೆರೊಲಿನಾದವರೆಲ್ಲ ಔಟ್ ಎಂದು ಅರಚಿದರು. ಅಂಪೈರ್ ನನ್ನ ಮುಖ ನೋಡಿ, ತಡೆದು, ಬೆರಳೆತ್ತಿದರು.

"ಎಲ್ರಿಗಿಂತ ಜೋರಾಗಿ ಕೂಗಿದ್ದು ನೀವೇ ಸಾರ್" ಎಂದು ಸುಧೀರ್ ಈಗಲೂ ರೇಗಿಸುತ್ತಾನೆ. ನಾನು ತುಟಿಯೇ ಬಿಚ್ಚಲಿಲ್ಲವೆಂದು ವಸಂತಾ ಆಣೆ ಮಾಡುತ್ತಾಳೆ. ನನಗೆ ನೆನಪಿರುವುದು ಇಷ್ಟೆ: ಎರಡೂ ಕೈ ಮೇಲೆತ್ತಿಕೊಂಡೇ ಮೇರಿಲ್ಯಾಂಡಿನ ಟೆಂಟಿನತ್ತ ತಿರುಗಿದೆ. ಅಲ್ಲಿ ನನ್ನ ಬದಲಿಗೆ ಬಂದಿದ್ದ ಆ ಇಬ್ಬರು ವಿದ್ಯಾರ್ಥಿಗಳು ವಸಂತಾಳ ಪಕ್ಕ ಕೂತು, ಅವಳು ನನಗೆಂದು ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತಿನ್ನುತ್ತ, ಎಲ್ಲರಿಗಿಂತ ಜೋರಾಗಿ ನನ್ನನ್ನು ಬಯ್ಯುತ್ತಿದ್ದರು.